ಹುಟ್ಟಿದ ದಿನ: ಮೂರು ಮಾರ್ಚ್

ಗ್ರಿಮ್ಸ್‌ಬಿಯ ಆಸ್ಪತ್ರೆ, ನೆಲಮಾಳಿಗೆ, ಬಿ-ಹದಿನೇಳು.
ಕಿಟಕಿಯಿಲ್ಲ. ಹತ್ತಿರ ಸಮುದ್ರವಿದೆಯೆಂದು ತಿಳಿಯುವುದು
ಲಿಫ್ಟಿನಿಂದ ಇಳಿದು ಬರುವವರ ಕೋಟಿನ ವಾಸನೆಯಿಂದ.
ಇಲ್ಲಿ ನನ್ನ ಕೆಲಸ ಜೋಡಿ ದಾಖಲೆಗಳನ್ನು ಹುಡುಕಿ
ಒಂದಾಗಿಸುವುದು. ಒಬ್ಬನೇ ಮನುಷ್ಯ
ಎರಡು ಸಲ ಹೆಸರು ಬರೆಸಿರುತ್ತಾನೆ,
ಒಮ್ಮೆ ಮೂಳೆ ಮುರಿದು, ಒಮ್ಮೆ ಎದೆ ಹಿಡಿದು.
ಪರದೆ ಕೇಳುತ್ತದೆ: ಇವರಿಬ್ಬರೂ ಒಬ್ಬರೇ?
ಹೌದು ಎಂದರೆ ಹೌದು.
ಒಂದು ಕ್ಲಿಕ್ಕಿನ ಅದ್ವೈತ.

ಮಂಗಳವಾರ ಮೇಲಿನಿಂದ ಫೋನು.
“ಕೌಂಟರಿನಲ್ಲಿ ಒಬ್ಬರು ನಿಂತಿದ್ದಾರೆ.
ತಾವು ಸತ್ತಿಲ್ಲ ಅನ್ನುತ್ತಿದ್ದಾರೆ.”

ಮೇವಿಸ್ ಟ್ಯಾಪ್ಲಿನ್. ಎಂಬತ್ತನಾಲ್ಕು.
ಹಸಿರು ಮಳೆಕೋಟು, ಗಾಲಿ ಇರುವ ಚೀಲ,
ಮೂವತ್ತು ವರ್ಷ ಮೀನು ಸೀಳಿ ಸೊಟ್ಟಗಾದ ಬೆರಳು.
ಬಸ್ ಪಾಸು, ಕರೆಂಟು ಬಿಲ್ಲು, ಮದುವೆಯ ಸರ್ಟಿಫಿಕೇಟು
ಒಂದೊಂದಾಗಿ ಮೇಜಿನ ಮೇಲಿಟ್ಟಳು,
ಇಸ್ಪೀಟಿನಲ್ಲಿ ಗೆಲ್ಲುವ ಕೈ ಬಿಚ್ಚುವವಳ ಹಾಗೆ.
ಕಣ್ಣಿನ ಚುಚ್ಚುಮದ್ದು ರದ್ದು. ಬಿಪಿ ಗುಳಿಗೆ ಬಂದ್.
ಮಗಳ ಮನೆಗೆ ಆಸ್ಪತ್ರೆಯ ಸಂತಾಪದ ಕಾಗದ.
“ಒಳ್ಳೇ ಕಾಗದ,” ಅಂದಳು, “ಬದುಕಿದ್ದಾಗ
ಯಾರೂ ನನ್ನ ಬಗ್ಗೆ ಅಷ್ಟು ಚೆನ್ನಾಗಿ ಬರೆದಿರಲಿಲ್ಲ.”

ಹುಡುಕಿದೆ. ಲೌತ್ ಊರಿನಲ್ಲಿ ಇನ್ನೊಬ್ಬ ಮೇವಿಸ್ ಟ್ಯಾಪ್ಲಿನ್,
ಅದೇ ಮೂರು ಮಾರ್ಚ್, ಅದೇ ನಲವತ್ತೊಂದು;
ಜನವರಿಯಲ್ಲಿ ತೀರಿಕೊಂಡಿದ್ದಾಳೆ.
ಇಬ್ಬರನ್ನೂ ಕೂಡಿಸಿದ್ದು ಅದಕ್ಕೂ ಮುಂಚೆ,
ನವೆಂಬರ್ ಹದಿನಾಲ್ಕು, ಸಂಜೆ ನಾಲ್ಕು ಐವತ್ತೆರಡು.
ಕೂಡಿಸಿದವರು:
ನನ್ನ ಲಾಗಿನ್.

ಮನೆಗೆ ಹೋಗಲು ಎಂಟು ನಿಮಿಷ ಬಾಕಿಯಿತ್ತು.
ವಿಳಾಸ ಬೇರೆ ಇತ್ತು. ಮನೆ ಬದಲಿಸಿರಬೇಕು ಅಂದುಕೊಂಡೆ.

ನನಗಾದರೂ ಗೊತ್ತಿರಬೇಕಿತ್ತು.
ನನ್ನ ಪಾಸ್‌ಪೋರ್ಟಿನಲ್ಲಿ ನಾನು ಹುಟ್ಟಿದ್ದು ಜೂನ್ ಒಂದು;
ನಮ್ಮ ಒಂದನೇ ಇಯತ್ತೆಯ ಇಪ್ಪತ್ತಾರು ಮಂದಿಯೂ
ಹುಟ್ಟಿದ್ದು ಅದೇ ಜೂನ್ ಒಂದು,
ಹೆಡ್‌ಮಾಸ್ತರರ ಒಂದೇ ಮಸಿಕುಡಿಕೆಯಿಂದ.
“ಎಳ್ಳಮಾಸಿ ಮರುದಿನ ಹುಟ್ಟಿದಾಕಿ ನೀ” ಅನ್ನುತ್ತಿದ್ದಳು ಅವ್ವ.
ಆ ಮಾತಿಗೆ ಯಾವ ಪರದೆಯಲ್ಲೂ ಖಾನೆಯಿಲ್ಲ.
ದಿನಾಂಕವನ್ನು ನಂಬಬಾರದೆಂದು
ಹಾಲುಹಲ್ಲು ಬೀಳುವ ಮೊದಲೇ ಕಲಿತವಳು
ನಂಬಿದೆ.

ಮರಣ ಅಳಿಸಲು ಕಾರಣ ಆರಿಸಿ, ಎಂದಿತು ಪರದೆ.
ತಪ್ಪು ನಮೂದು. ನಕಲು. ಇತರೆ.
ಇತರೆ ಒತ್ತಿ ಟೈಪು ಮಾಡಿದೆ:
ರೋಗಿ ನನ್ನೆದುರು ಕೂತು ಚಹಾ ಕುಡಿಯುತ್ತಿದ್ದಾರೆ.
ಉಳಿಸಲಾಗಿದೆ, ಎಂದಿತು.
ಹಣೆಬರಹ ಅಳಿಸಲಾಗದು ಎಂದು ಕೇಳಿ ಬೆಳೆದವಳು ನಾನು;
ಇಲ್ಲಿ ಅಳಿಸಬಹುದು,
ಅಳಿಸಿದವರ ಹೆಸರು ಮಾತ್ರ ಅಳಿಯುವುದಿಲ್ಲ.

ಆಮೇಲೆ ಬಿಡಿಸುವ ಕೆಲಸ. ಹನ್ನೊಂದು ದಿನ, ಮೂರು ಸಹಿ.
ಒಂಬತ್ತರ ಬಸ್ಸಿಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು,
ತೊಗರಿಯಲ್ಲಿ ಬೆರೆತ ಕಡಲೆ ಆರಿಸುವವರಂತೆ ಇಬ್ಬರೂ.
ಈ ಸಕ್ಕರೆ ಯಾರದು? “ಅವಳದು. ನನಗಿಲ್ಲ.”
ಪೆನಿಸಿಲಿನ್ ಒಗ್ಗದಿರುವುದು? “ನನ್ನದು. ಮೈಯೆಲ್ಲ ದದ್ದು.”
ಈ ಮಂಡಿ? “ಅವಳದು, ಪಾಪ.”
ಅರವತ್ತೆಂಟರಲ್ಲಿ ನಿಲ್ಲದೆ ಹೋದ ಈ ಬಸಿರು?

ಮಳೆಕೋಟಿನ ಗುಂಡಿ ಹಾಕಿದಳು, ಬಿಚ್ಚಿದಳು.
“ನನ್ನದು,” ಅಂದಳು. “ಅದನ್ನು ಇನ್ನೂ ಇಟ್ಟಿದ್ದೀರಾ?”

ಕೊನೆಯ ದಿನ ಎದ್ದು ಚೀಲ ಹಿಡಿದು ಕೇಳಿದಳು:
“ಅವಳಿಗೆ ಯಾರಾದರೂ ಇದ್ದರಾ?”
ಹೇಳುವಂತಿಲ್ಲ, ಅಂದೆ. ನಿಯಮ.
ಹತ್ತಿರದ ಬಂಧು: ಖಾಲಿ.

ಲಿಫ್ಟು ಮೇಲೆ ಹೋಯಿತು.
ಎರಡು ತಿಂಗಳು ಆ ಲೌತ್‌ನವಳಿಗೆ
ಒಬ್ಬ ಮಗಳಿದ್ದಳು, ಒಂದು ಸಂತಾಪದ ಕಾಗದವಿತ್ತು,
ಜೊತೆಗೊಬ್ಬಳಿದ್ದಳು.
ಈಗ ಎಲ್ಲ ಸರಿಯಾಗಿದೆ.
ಈಗ ಅವಳೊಬ್ಬಳೇ ಸತ್ತಿದ್ದಾಳೆ.